ಇಬ್ಬರ ಪ್ರಯಾಣ, ಘಾಟಿ ರಸ್ತೆ, ಮೂರು ಲಕ್ಷದ ಬಜೆಟ್: ಯಾವ ಬೈಕ್ ತಗೊಳ್ಳಲಿ?

ಪ್ರಶ್ನೆ: ನನಗೆ ಚಿಕ್ಕಮಗಳೂರಿನಲ್ಲಿ ಕೆಲಸ. ಊರು ಮೂಡಿಗೆರೆ ತಾಲೂಕು. ಮನೆ ಮುಟ್ಟುವ ಕೊನೆಯ ಮೂರು ಕಿಲೋಮೀಟರ್ ತೋಟದ ಮಣ್ಣು ರಸ್ತೆ. ಈಗ ಇರುವುದು 125 ಸಿಸಿ ಗಾಡಿ. ರಜೆ ಸಿಕ್ಕಾಗೆಲ್ಲ ನಾನು, ನನ್ನ ಹೆಂಡತಿ ಇಬ್ಬರೂ ಕಳಸ, ಹೊರನಾಡು, ಶೃಂಗೇರಿ, ಸುಬ್ರಹ್ಮಣ್ಯ ಅಂತ ಸುತ್ತುತ್ತೇವೆ. ವರ್ಷಕ್ಕೊಮ್ಮೆ ಹಂಪಿ, ಗೋಕರ್ಣದಂಥ ದೂರದ ಊರಿಗೂ ಹೋಗುವ ಆಸೆ. ನನ್ನ ಎತ್ತರ 5 ಅಡಿ 6 ಇಂಚು. ಗಾಡಿ, ಹೆಲ್ಮೆಟ್, ಬ್ಯಾಗ್ ಎಲ್ಲ ಸೇರಿ ಮೂರು ಲಕ್ಷ ದಾಟಬಾರದು. ಗೆಳೆಯರು ‘ಲಾಂಗ್ ಹೋಗೋಕೆ ಭಾರದ ಗಾಡಿನೇ ಬೇಕು, ರೋಡ್ ಹಿಡ್ಕೊಂಡು ಹೋಗುತ್ತೆ’ ಅಂತಾರೆ. ಸೆಕೆಂಡ್ ಹ್ಯಾಂಡ್ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಒಂದು ಒಳ್ಳೆ ರೇಟಿಗೆ ಸಿಗುತ್ತಿದೆ. ಅದನ್ನೇ ತಗೊಳ್ಳಲಾ? ಮಳೆಗಾಲ ಮುಗಿದ ಮೇಲೆ ತಗೊಂಡರೆ ಒಳ್ಳೆಯದಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಎತ್ತರ, ನಿಮ್ಮ ರಸ್ತೆ, ನಿಮ್ಮ ದುಡ್ಡು ಮೂರನ್ನೂ ಇಟ್ಟು ನೋಡಿದರೆ 180 ಕೆಜಿ ಆಸುಪಾಸಿನೊಳಗೆ, 350 ಸಿಸಿ ಒಳಗೆ ಇರುವ ಗಾಡಿ ಸಾಕು. ಹೊಸದು ತಗೊಳ್ಳುವುದಾದರೆ ಮೊದಲು ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್ ನೋಡಿ. ಆಮೇಲೆ ಹೀರೊ ಎಕ್ಸ್‌ಪಲ್ಸ್ 210. ಹಿಮಾಲಯನ್ 411 ಒಳ್ಳೆಯ ಗಾಡಿ, ಆದರೆ ನಿಮ್ಮ ಬಳಕೆಗೆ ಅದು ಹೊಂದುವುದಿಲ್ಲ.

ಟೂರಿಂಗ್ ಬೈಕ್ ಅಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರುವುದು ಹೈವೇ. ಅಲ್ಲಿ ಯಾವ ಗಾಡಿಯಾದರೂ ಓಡುತ್ತದೆ. ನಿಮ್ಮ ದಾರಿಯಲ್ಲಿ ತೀರಾ ಕೆಟ್ಟದಾಗಿರುವ ಮೂರು ಕಿಲೋಮೀಟರ್ ಯಾವುದೋ ಅದನ್ನು ನೋಡಿ ಗಾಡಿ ಆರಿಸಿ. ನಿಮ್ಮ ವಿಷಯದಲ್ಲಿ ಅದು ಮನೆ ಬಾಗಿಲಲ್ಲೇ ಇದೆ. ಹಂಪಿಗೆ ವರ್ಷಕ್ಕೊಮ್ಮೆ ಹೋಗುತ್ತೀರಿ, ಊರಿನ ದಾರಿಯಲ್ಲಿ ಮಾತ್ರ ಪ್ರತಿ ಸಲವೂ ಹೋಗಲೇಬೇಕು.

ಜುಲೈ ತಿಂಗಳ ಒಂದು ಸಂಜೆ ಅಂದುಕೊಳ್ಳಿ. ತೋಟದ ಗೇಟಿನ ಹತ್ತಿರ ಟ್ರ್ಯಾಕ್ಟರ್ ಓಡಾಡಿ ಎರಡು ಕಡೆ ಗಾಲಿ ಜಾಡು ಬಿದ್ದಿದೆ. ಮಧ್ಯದ ದಿಬ್ಬದ ಮೇಲೆ ಸಿಲ್ವರ್ ಓಕ್ ಎಲೆ ಕೊಳೆತು ಜಾರುತ್ತಿದೆ. ಎದುರಿಗೆ ಪಿಕಪ್ ಬಂತು. ನೀವು ನಿಲ್ಲಿಸಿ, ಕಾಲೂರಿ, ನಾಲ್ಕು ಅಡಿ ಹಿಂದೆ ಸರಿಯಬೇಕು. ಹಿಂದೆ ಇಳಿಜಾರು. ಇಂಥ ಜಾಗದಲ್ಲಿ ಎಂಜಿನ್ ಎಷ್ಟು ಸಿಸಿ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಗಾಡಿ ಎಷ್ಟು ಕೆಜಿ, ನಿಮ್ಮ ಪಾದ ನೆಲಕ್ಕೆ ಎಷ್ಟು ತಾಗುತ್ತದೆ, ಇವೆರಡೇ ಲೆಕ್ಕ. ಗಾಡಿ ನೆಟ್ಟಗಿರುವಾಗ ಭಾರ ಗೊತ್ತಾಗುವುದಿಲ್ಲ. ಸ್ವಲ್ಪ ವಾಲಿತು ಅನ್ನಿ, ಪೂರ್ತಿ ಭಾರ ಒಂದು ಕಾಲಿನ ಮೇಲೆ ಬರುತ್ತದೆ. ಆ ಕಾಲು ಕೆಸರಿನಲ್ಲಿದ್ದರೆ ಗಾಡಿ ಮಲಗುತ್ತದೆ. ವರ್ಕ್‌ಶಾಪಿಗೆ ಮಳೆಗಾಲದಲ್ಲಿ ಬರುವ ಮುರಿದ ಕ್ಲಚ್ ಲಿವರ್, ಬಗ್ಗಿದ ಗೇರ್ ಲಿವರ್‌ಗಳಲ್ಲಿ ಹೆಚ್ಚಿನವು ಸ್ಪೀಡಿನಲ್ಲಿ ಬಿದ್ದದ್ದಲ್ಲ, ಹೀಗೆ ನಿಂತಲ್ಲೇ ಮಲಗಿದ್ದು.

ಈಗ ತೂಕ ನೋಡೋಣ. ಪೆಟ್ರೋಲ್, ಆಯಿಲ್ ಎಲ್ಲ ತುಂಬಿದ ಮೇಲಿನ ತೂಕಕ್ಕೆ ಕರ್ಬ್ ತೂಕ ಅಂತಾರೆ. ಹೋಲಿಸುವಾಗ ಯಾವಾಗಲೂ ಅದನ್ನೇ ಕೇಳಿ. ಒಣ ತೂಕ ಹೇಳಿದರೆ ಗಾಡಿ ಸುಮ್ನೆ ಹಗುರ ಕಾಣುತ್ತದೆ. ವಿ-ಸ್ಟ್ರಾಮ್ ಎಸ್‌ಎಕ್ಸ್ 167 ಕೆಜಿ. ಎಕ್ಸ್‌ಪಲ್ಸ್ 210 ಹೆಚ್ಚುಕಮ್ಮಿ ಅಷ್ಟೇ. ರಾಯಲ್ ಎನ್‌ಫೀಲ್ಡ್‌ನದೇ ಹಂಟರ್ 350 ಆದರೆ 181. ಹಿಮಾಲಯನ್ 411 ಬರೋಬ್ಬರಿ 199. ಅಂದರೆ ವಿ-ಸ್ಟ್ರಾಮ್‌ಗೂ ಹಿಮಾಲಯನ್‌ಗೂ 32 ಕೆಜಿ ಅಂತರ. ಅಡುಗೆ ಮನೆಯ ತುಂಬಿದ ಗ್ಯಾಸ್ ಸಿಲಿಂಡರ್ ಕೂಡ ಹತ್ತಿರ ಹತ್ತಿರ ಅಷ್ಟೇ ಭಾರ. ಅದನ್ನು ಕೆಸರಿನಲ್ಲಿ ಒಂದೇ ಕಾಲಿನ ಮೇಲೆ ತಡೆದು ನಿಲ್ಲಿಸಬೇಕು ಅಂದರೆ ವ್ಯತ್ಯಾಸ ಎಷ್ಟು ಅಂತ ನಿಮಗೇ ಗೊತ್ತಾಗುತ್ತದೆ.

ನಿಮ್ಮ ಗೆಳೆಯರ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಅದರಲ್ಲಿ ಅರ್ಧ ಸತ್ಯವಿದೆ. ಚಿತ್ರದುರ್ಗದಿಂದ ಹೊಸಪೇಟೆ ಕಡೆಗೆ ಹೋಗುವಾಗ ಬಯಲಲ್ಲಿ ಅಡ್ಡಗಾಳಿ ಜೋರು. ಆ ಕಡೆ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ನಿಂತಿರುವುದು ಅದಕ್ಕೇ. ಲಾರಿ ಪಕ್ಕ ದಾಟುವಾಗ ಹಗುರ ಗಾಡಿ ಒಂದು ಚೂರು ಜಾಸ್ತಿ ಅಲುಗಾಡುತ್ತದೆ, ನಿಜ. ಆದರೆ ಗಾಡಿ ನೇರ ಹೋಗುವುದು ಭಾರ ಒಂದರಿಂದಲೇ ಅಲ್ಲ. ಎರಡು ಚಕ್ರಗಳ ನಡುವಿನ ಅಂತರ, ಮುಂದಿನ ಫೋರ್ಕ್‌ನ ಕೋನ, ಸಸ್ಪೆನ್ಷನ್, ಟೈರಿನ ಗಾಳಿ, ಲಗೇಜ್ ಕಟ್ಟಿದ ಜಾಗ, ಎಲ್ಲ ಸೇರಿ ಅದನ್ನು ತೀರ್ಮಾನಿಸುತ್ತವೆ. ಹಿಂದಿನ ಚಕ್ರಕ್ಕಿಂತ ಹಿಂದೆ, ಎತ್ತರದಲ್ಲಿ ದೊಡ್ಡ ಬಾಕ್ಸ್ ಕೂರಿಸಿ ಅದರಲ್ಲಿ ಹತ್ತು ಕೆಜಿ ತುಂಬಿದರೆ 200 ಕೆಜಿ ಗಾಡಿಯ ಹ್ಯಾಂಡಲ್ಲೂ ತೇಲುತ್ತದೆ. ಅದೇ ಹತ್ತು ಕೆಜಿಯನ್ನು ಸೀಟಿನ ಎರಡೂ ಬದಿ ಸ್ಯಾಡಲ್ ಬ್ಯಾಗಿನಲ್ಲಿ ಕೆಳಗೆ ಇಳಿಬಿಟ್ಟರೆ 167 ಕೆಜಿ ಗಾಡಿಯೂ ಗಟ್ಟಿಯಾಗಿ ಹೋಗುತ್ತದೆ. ಗಂಟೆಗೆ 80, 90ರಲ್ಲಿ ಹೋಗುವ ಗಂಡ ಹೆಂಡತಿಗೆ ಇಷ್ಟು ಧಾರಾಳವಾಗಿ ಸಾಕು.

ಇನ್ನೊಂದು ಮಾತೂ ಹೇಳಬೇಕು. ಗಾಡಿ ಓಡುತ್ತಿರುವಾಗ ಈ 32 ಕೆಜಿ ಅಷ್ಟೊಂದು ದೊಡ್ಡದಲ್ಲ. ನಿಮ್ಮಿಬ್ಬರ ತೂಕ 130 ಕೆಜಿ, ಸಾಮಾನು 15 ಕೆಜಿ ಅಂತಿಟ್ಟುಕೊಳ್ಳಿ. ವಿ-ಸ್ಟ್ರಾಮ್ ಒಟ್ಟು 312 ಕೆಜಿ ಎಳೆಯುತ್ತದೆ, ಹಿಮಾಲಯನ್ 344. ಎಂಜಿನ್ ಎಳೆತದಲ್ಲಿ ಹಿಮಾಲಯನ್ ಇದನ್ನು ಸರಿದೂಗಿಸುತ್ತದೆ. ಅದರ ಟಾರ್ಕ್, ಅಂದರೆ ತಿರುಗಿಸುವ ಬಲ, 32 ನ್ಯೂಟನ್ ಮೀಟರ್, ಅದೂ 4,000ದಿಂದ 4,500 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತು) ಒಳಗೇ ಸಿಗುತ್ತದೆ. ವಿ-ಸ್ಟ್ರಾಮ್‌ಗೆ 22.2 ಮಾತ್ರ, ಅದೂ 7,300 ಆರ್‌ಪಿಎಂಗೆ ಹೋದ ಮೇಲೆ. ಇದನ್ನು ಮುಚ್ಚಿಡುವುದು ಸರಿಯಲ್ಲ, ಯಾಕೆಂದರೆ ಚಾರ್ಮಾಡಿ ಹತ್ತುವಾಗ ನಿಮಗೇ ತಿಳಿಯುತ್ತದೆ. ಉಜಿರೆ ಕಡೆಯಿಂದ ಇಬ್ಬರು ಕೂತು ಮೇಲೆ ಬರುವಾಗ ಹೇರ್‌ಪಿನ್ ತಿರುವಿನಲ್ಲಿ ಹಿಮಾಲಯನ್ ಮೂರನೇ ಗೇರಿನಲ್ಲೇ ಗೊಣಗದೆ ಎಳೆಯಬಹುದು. ವಿ-ಸ್ಟ್ರಾಮ್‌ನಲ್ಲಿ ನೀವು ಎರಡನೇ ಗೇರಿಗೆ ಇಳಿಯಲೇಬೇಕು. ಇಳಿದರೆ ಅದೂ ಆರಾಮಾಗಿ ಹತ್ತುತ್ತದೆ. 125 ಸಿಸಿ ಓಡಿಸಿ ಬಂದ ನಿಮಗೆ ಗೇರ್ ಬದಲಿಸುವುದು ಹೊಸದೇನಲ್ಲ, ಅಲ್ವಾ? ಘಾಟಿಯಲ್ಲಿ ಗೇರ್ ಬದಲಿಸುವ ಕಷ್ಟ ಮತ್ತು ಮಣ್ಣು ರಸ್ತೆಯಲ್ಲಿ 199 ಕೆಜಿ ಹಿಡಿಯುವ ಕಷ್ಟ, ಎರಡರಲ್ಲಿ ಮೊದಲನೆಯದೇ ವಾಸಿ ಅಂತ ನನ್ನ ಲೆಕ್ಕ.

ಇನ್ನು ದುಡ್ಡು. ಇಲ್ಲಿ 350 ಸಿಸಿ ಎಂಬುದು ದೊಡ್ಡ ಗೆರೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಅದನ್ನು ದಾಟಿದ ಗಾಡಿಗೆ ಶೇ. 40. ಥರ್ಡ್ ಪಾರ್ಟಿ ವಿಮೆಯಲ್ಲೂ ಇದೇ ಗೆರೆ. 350 ಸಿಸಿ ದಾಟಿದರೆ ಅದರ ಕಂತು ದುಪ್ಪಟ್ಟಿಗಿಂತ ಜಾಸ್ತಿ. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಬೇಕು. ಹಳೆಯ 411 ತಗೊಂಡರೂ ಈ ಖರ್ಚು ಬಿಡುವುದಿಲ್ಲ, ವಿಮೆ ನವೀಕರಿಸುವಾಗೆಲ್ಲ ದೊಡ್ಡ ಸಿಸಿ ಲೆಕ್ಕವೇ.

ಎಕ್ಸ್ ಶೋರೂಮ್ ಬೆಲೆ ನೋಡಿ ಖುಷಿಪಡಬೇಡಿ. ಒಂದು ಲಕ್ಷ ದಾಟಿದ ಬೈಕಿಗೆ ನಮ್ಮ ರಾಜ್ಯದಲ್ಲಿ ಲೈಫ್ ಟ್ಯಾಕ್ಸ್ ಶೇ. 18. ಎರಡು ಲಕ್ಷದ ಗಾಡಿ ಅಂದರೆ 36 ಸಾವಿರ ಅಲ್ಲೇ ಹೋಯಿತು, ಅದರ ಮೇಲೆ ಸೆಸ್ಸು, ವಿಮೆ. ವಿ-ಸ್ಟ್ರಾಮ್‌ನ ಬೆಲೆ ಈ ಎರಡು ಲಕ್ಷದ ಆಸುಪಾಸಿನಲ್ಲೇ ಇದೆ. ರಸ್ತೆಗೆ ಇಳಿಯುವಾಗ ಎರಡೂವರೆ ಲಕ್ಷ ದಾಟುತ್ತದೆ ಅಂತಲೇ ಇಟ್ಟುಕೊಳ್ಳಿ. ಶೋರೂಮಿನಲ್ಲಿ ಆನ್ ರೋಡ್ ಬೆಲೆಯನ್ನು ಬಾಬ್ತು ಬಾಬ್ತಾಗಿ ಕಾಗದದ ಮೇಲೆ ಬರೆಸಿಕೊಳ್ಳಿ. ಹ್ಯಾಂಡ್ಲಿಂಗ್ ಚಾರ್ಜ್, ಬೇಡದ ಆಕ್ಸೆಸರಿ, ಟೆಫ್ಲಾನ್ ಕೋಟಿಂಗ್ ಇದ್ದರೆ ತೆಗೆಸಿ. ವಿಮೆ ಅಲ್ಲೇ ಮಾಡಿಸಬೇಕು ಅಂತಲೂ ಇಲ್ಲ, ಹೊರಗಡೆ ಕೇಳಿ ನೋಡಿ.

ಈಗ ಒಂದೊಂದೇ ಗಾಡಿ. ವಿ-ಸ್ಟ್ರಾಮ್ ಎಸ್‌ಎಕ್ಸ್ 249 ಸಿಸಿ, ಎಂಜಿನ್ ಶಕ್ತಿ 26.5 ಪಿಎಸ್. ಎಂಜಿನ್‌ಗೆ ಆಯಿಲ್ ಕೂಲಿಂಗ್, ಹಾಗಾಗಿ ರೇಡಿಯೇಟರ್ ಒಡೆಯುವ, ಕೂಲಂಟ್ ಸೋರುವ ತಲೆನೋವು ಇಲ್ಲ. ಇದೇ ಎಂಜಿನ್ ಸುಜುಕಿಯದೇ ಜಿಕ್ಸರ್ 250ರಲ್ಲಿ 2019ರಿಂದ ಇದೆ, ಮೆಕ್ಯಾನಿಕ್‌ಗಳ ಕೈ ಪಳಗಿದೆ. ಮುಂದೆ 19 ಇಂಚು, ಹಿಂದೆ 17 ಇಂಚು ಅಲಾಯ್ ಚಕ್ರ, ಟ್ಯೂಬ್‌ಲೆಸ್ ಟೈರ್. ನೆಲದಿಂದ 205 ಮಿಲಿಮೀಟರ್ ಎತ್ತರ, ತೋಟದ ರಸ್ತೆಯ ನಡುದಿಬ್ಬಕ್ಕೆ ಹೊಟ್ಟೆ ತಾಗುವುದು ಅಪರೂಪ. ಟ್ಯಾಂಕ್ 12 ಲೀಟರ್. ಲೀಟರಿಗೆ 30 ಕಿಲೋಮೀಟರ್ ಅಂತ ಹಿಡಿದರೂ 360 ಆಗುತ್ತದೆ. ಹಿಂದೆ ಕೂರುವವರಿಗೆ ಅಗಲದ ಸೀಟು, ಗಟ್ಟಿ ಹಿಡಿ, ಸಾಮಾನು ಕಟ್ಟಲು ರ್‍ಯಾಕ್ ಎಲ್ಲ ಕಂಪನಿಯಿಂದಲೇ ಬರುತ್ತದೆ. ಒಂದೇ ಕೊರತೆ, ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಆಫ್ ಮಾಡಲು ಆಗುವುದಿಲ್ಲ. ಮಣ್ಣಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಗಾಡಿ ನಿಲ್ಲಲು ಜಾಸ್ತಿ ದೂರ ತಗೊಳ್ಳುತ್ತದೆ. ಅಲ್ಲಿ ಮೊದಲ ಗೇರಿನಲ್ಲಿ ಎಂಜಿನ್ ಹಿಡಿತದಲ್ಲೇ ಇಳಿಯಿರಿ.

ಎಕ್ಸ್‌ಪಲ್ಸ್ 210 ಬಂದದ್ದು 2025ರಲ್ಲಿ. 24.6 ಪಿಎಸ್, ಆರು ಗೇರ್. ಮುಂದಿನ 21 ಇಂಚು ಚಕ್ರ ಗುಂಡಿಯನ್ನು ಲೆಕ್ಕಕ್ಕೇ ಇಡುವುದಿಲ್ಲ. ನಿಮ್ಮ ಆ ಮೂರು ಕಿಲೋಮೀಟರ್‌ಗೆ ಇದಕ್ಕಿಂತ ಒಳ್ಳೆಯ ಗಾಡಿ ಈ ಬೆಲೆಗೆ ಇಲ್ಲ. ಒಬ್ಬರೇ ಓಡಾಡುವವರಾಗಿದ್ದರೆ ಇದನ್ನೇ ಮೊದಲು ಹೇಳುತ್ತಿದ್ದೆ. ಇಬ್ಬರು ಕೂತು ದಿನಕ್ಕೆ 300 ಕಿಲೋಮೀಟರ್ ಹೋಗುವಾಗ ಹಿಂದಿನವರ ಸೊಂಟಕ್ಕೆ ವಿ-ಸ್ಟ್ರಾಮ್ ಸೀಟೇ ಹಿತ. ಹಳೆಯ ಎಕ್ಸ್‌ಪಲ್ಸ್ 200 ಇನ್ನೂ ಹಗುರ, ಸೆಕೆಂಡ್ ಹ್ಯಾಂಡಿನಲ್ಲಿ ಕಡಿಮೆಗೆ ಸಿಗುತ್ತದೆ, ಹೀರೊ ಬಿಡಿಭಾಗ ತಾಲೂಕು ಕೇಂದ್ರದಲ್ಲೇ ಸಿಗುತ್ತವೆ. ಆದರೆ ಇಬ್ಬರನ್ನು ಹೊತ್ತು ಹೈವೇಯಲ್ಲಿ ಲಾರಿ ಓವರ್‌ಟೇಕ್ ಮಾಡಲು ಅದಕ್ಕೆ ಉಸಿರು ಸಾಲದು.

ಹಂಟರ್ 350 ಹೆಸರು ನೀವು ಹೇಳಲಿಲ್ಲ, ಆದರೆ ಯಾರಾದರೂ ಹೇಳೇ ಹೇಳುತ್ತಾರೆ. ಸೀಟ್ ಎತ್ತರ 790 ಮಿಲಿಮೀಟರ್, ನಿಮ್ಮ ಎರಡೂ ಪಾದ ಪೂರ್ತಿ ಊರುತ್ತವೆ. 4,000 ಆರ್‌ಪಿಎಂಗೇ 27 ನ್ಯೂಟನ್ ಮೀಟರ್, ಘಾಟಿಯಲ್ಲಿ ಎಳೆತ ಚೆನ್ನಾಗಿದೆ. ಪೇಟೆಯಲ್ಲಿ, ಡಾಂಬರಿನಲ್ಲಿ ಸೊಗಸಾದ ಗಾಡಿ. ಆದರೆ ನೆಲದಿಂದ ಎತ್ತರ ಕಡಿಮೆ, ಹಿಂದಿನ ಸೀಟು ಚಿಕ್ಕದು. ತೋಟದ ರಸ್ತೆಯ ಕಲ್ಲಿಗೆ ಕೆಳಗಡೆ ಏಟು ಬೀಳುತ್ತದೆ. ಬೇಲೂರು, ಹಾಸನ ಪೇಟೆಯವರಿಗೆ ಕಣ್ಣು ಮುಚ್ಚಿ ಹೇಳಬಹುದು, ನಿಮಗೆ ಹೇಳಲಾರೆ.

ಜಿಕ್ಸರ್ 250 ಬರೀ 156 ಕೆಜಿ, ದುಡ್ಡೂ ಕಡಿಮೆ. ಮನೆ ಮುಂದೆ ಟಾರು ರಸ್ತೆ ಇದ್ದಿದ್ದರೆ ಅಷ್ಟೇ ಸಾಕಿತ್ತು.

ಟೈರಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಯಾರೂ ಶೋರೂಮಿನಲ್ಲಿ ಇದನ್ನು ಕೇಳುವುದಿಲ್ಲ, ಆಮೇಲೆ ಕಷ್ಟಪಡುತ್ತಾರೆ. ಎಕ್ಸ್‌ಪಲ್ಸ್, ಹಿಮಾಲಯನ್ 411 ಎರಡಕ್ಕೂ ಕಡ್ಡಿ ಚಕ್ರ, ಒಳಗೆ ಟ್ಯೂಬ್. ಕಡ್ಡಿ ಚಕ್ರ ಗುಂಡಿಯ ಏಟನ್ನು ಬಾಗಿ ತಡೆದುಕೊಳ್ಳುತ್ತದೆ, ಬೆಂಡ್ ಬಂದರೆ ಕಡ್ಡಿ ಬಿಗಿದು ಸರಿ ಮಾಡಬಹುದು. ಅಲಾಯ್ ಹಾಗಲ್ಲ, ಜೋರಾದ ಏಟಿಗೆ ಸೀಳಬಹುದು. ಆದರೆ ಟ್ಯೂಬ್ ಇರುವ ಟೈರಿಗೆ ಮೊಳೆ ಚುಚ್ಚಿದರೆ ಗಾಳಿ ಬೇಗ ಇಳಿಯುತ್ತದೆ. ಚಕ್ರ ಬಿಚ್ಚದೆ ಪಂಕ್ಚರ್ ಹಾಕಲು ಆಗುವುದಿಲ್ಲ. ಕೊಟ್ಟಿಗೆಹಾರ ದಾಟಿ ಘಾಟಿಯಲ್ಲಿ ಸಂಜೆ ಮಂಜು ಕವಿದಾಗ, ಹೆಂಡತಿಯನ್ನು ರಸ್ತೆ ಬದಿ ನಿಲ್ಲಿಸಿಕೊಂಡು ಹಿಂದಿನ ಚಕ್ರ ಬಿಚ್ಚುವ ಕೆಲಸ ಯಾರಿಗೂ ಬೇಡ.

ಟ್ಯೂಬ್‌ಲೆಸ್‌ನಲ್ಲಿ ಮೊಳೆ ಒಳಗಿದ್ದರೆ ಗಾಳಿ ನಿಧಾನ ಇಳಿಯುತ್ತದೆ. ಸುರಕ್ಷಿತ ಜಾಗ ಸಿಗುವವರೆಗೆ ಅದನ್ನು ಕೀಳಬೇಡಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಚಕ್ರ ತಿರುಗಿಸಿ, ಮೊಳೆ ಮೇಲಕ್ಕೆ ಬರಲಿ. ಪಂಕ್ಚರ್ ಕಿಟ್‌ನಲ್ಲಿರುವ ಪ್ಲಗ್‌ನ ಎಳೆಯನ್ನು ಮೊದಲೇ ಸೂಜಿಗೆ ಪೋಣಿಸಿ, ಅಂಟು ಹಚ್ಚಿ ಪಕ್ಕಕ್ಕೆ ಇಟ್ಟುಕೊಳ್ಳಿ. ಆಮೇಲೆ ಮೊಳೆ ಕಿತ್ತು, ಅದು ಒಳಹೋದ ಕೋನದಲ್ಲೇ ಕಿಟ್‌ನ ಅರ (ಉಜ್ಜುವ ಕಡ್ಡಿ) ಹಾಕಿ ತೂತು ಉಜ್ಜಿ. ಎಳೆಯನ್ನು ಮುಕ್ಕಾಲು ಭಾಗ ಒಳಗೆ ತಳ್ಳಿ ಸೂಜಿಯನ್ನು ಒಮ್ಮೆಗೇ ಎಳೆಯಿರಿ. ಹೊರಗೆ ಉಳಿದ ತುದಿ ಕತ್ತರಿಸಿ ಗಾಳಿ ತುಂಬಿ. ತೂತಿನ ಮೇಲೆ ಸ್ವಲ್ಪ ನೀರು ಹಾಕಿ, ಗುಳ್ಳೆ ಬರದಿದ್ದರೆ ಹೊರಡಿ. ಮನೆಯಲ್ಲಿ ಒಂದು ಹಳೆ ಟೈರಿನ ಮೇಲೆ ಮೊದಲೇ ಅಭ್ಯಾಸ ಮಾಡಿಕೊಂಡರೆ ಕೈ ನಡುಗುವುದಿಲ್ಲ. ಟೈರಿನ ಪಕ್ಕದ ಗೋಡೆ ಹರಿದರೆ ಮಾತ್ರ ಪ್ಲಗ್ ನಿಲ್ಲುವುದಿಲ್ಲ.

ಸೀಟ್ ಎತ್ತರ ವಿ-ಸ್ಟ್ರಾಮ್‌ನಲ್ಲಿ 835 ಮಿಲಿಮೀಟರ್. ನಿಮ್ಮ ಎತ್ತರಕ್ಕೆ ಪಾದದ ಮುಂಭಾಗ ಮಾತ್ರ ಊರಬಹುದು. ಇದನ್ನು ಓದಿ ನಿರ್ಧರಿಸಬೇಡಿ, ಕೂತು ನೋಡಿ. ಹೋಗುವಾಗ ದಿನವೂ ಹಾಕುವ ಶೂ ಹಾಕಿಕೊಂಡು, ಹೆಂಡತಿಯನ್ನೂ ಕರೆದುಕೊಂಡು ಹೋಗಿ. ಇಬ್ಬರೂ ಕೂತಾಗ ಸಸ್ಪೆನ್ಷನ್ ಇಳಿದು ಸೀಟು ಸ್ವಲ್ಪ ತಗ್ಗುತ್ತದೆ. ಅವರು ಹತ್ತಿ ಇಳಿಯುವಾಗ ನೀವು ಗಾಡಿ ಅಲುಗಾಡದಂತೆ ಹಿಡಿಯಬಲ್ಲಿರಾ ನೋಡಿ. ಆಮೇಲೆ ಎಂಜಿನ್ ಆಫ್ ಮಾಡಿ, ಕೂತಲ್ಲೇ ಕಾಲಿನಿಂದ ಹತ್ತು ಅಡಿ ಹಿಂದಕ್ಕೆ ತಳ್ಳಿ. ನನ್ನ ಪ್ರಕಾರ ಇದು ಟೆಸ್ಟ್ ರೈಡ್‌ಗಿಂತ ದೊಡ್ಡ ಪರೀಕ್ಷೆ. ಸ್ವಲ್ಪದರಲ್ಲಿ ತಪ್ಪುತ್ತಿದ್ದರೆ ಸೀಟ್ ಕುಶನ್ ಅಂಗಡಿಯವರು ಫೋಮ್ ಒಂದಿಂಚು ಕೆತ್ತಿ, ಮುಂಭಾಗ ಕಿರಿದು ಮಾಡಿಕೊಡುತ್ತಾರೆ. ಅದಕ್ಕೂ ಆಗದಿದ್ದರೆ ಗಾಡಿ ಬಿಟ್ಟುಬಿಡಿ. ಟೆಸ್ಟ್ ರೈಡನ್ನು ಐ.ಜಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿ ಮುಗಿಸಬೇಡಿ. ಕೈಮರದ ಕಡೆ ಏರು ರಸ್ತೆಗೆ, ಇಬ್ಬರೂ ಕೂತು ಹೋಗಲು ಬಿಡುತ್ತಾರಾ ಕೇಳಿ.

ಇಷ್ಟಾದರೂ ಆ ಹಿಮಾಲಯನ್ ಮೇಲೆ ಮನಸ್ಸಿದ್ದರೆ ನೋಡಬೇಕಾದ್ದು ಇಷ್ಟು. 2020ರ ಏಪ್ರಿಲ್ ನಂತರದ, ಬಿಎಸ್ 6 ಹೊಗೆ ನಿಯಮದ ಗಾಡಿಯೇ ಆಗಿರಲಿ. ಸೆಂಟರ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ಎತ್ತಿಸಿ, ಹ್ಯಾಂಡಲ್ ನಿಧಾನ ತಿರುಗಿಸಿ. ಮಧ್ಯದಲ್ಲಿ ಎಲ್ಲಾದರೂ ಕಚ್ಚಿದಂತಾದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ ಅಂತ ಅರ್ಥ. ಫೋರ್ಕ್ ಮೇಲೆ ಎಣ್ಣೆ ಪಸೆ, ಸ್ಪ್ರಾಕೆಟ್ ಹಲ್ಲು ಚೂಪಾಗಿರುವುದು, ಚಕ್ರ ತಿರುಗುವಾಗ ರಿಮ್ ಅಡ್ಡಾಡುವುದು ನೋಡಿ. ಕೆಎ 13, 18, 46 ಅಂದರೆ ನಮ್ಮ ಕಡೆಯ ಗಾಡಿ. ಕೆಎ 19 ಅಥವಾ 20 ಇದ್ದರೆ ಕರಾವಳಿಯ ಉಪ್ಪು ಗಾಳಿ ತಿಂದಿರಬಹುದು, ಕೆಳಗೆ ಬಗ್ಗಿ ಟಾರ್ಚ್ ಬಿಟ್ಟು ತುಕ್ಕು ನೋಡಿ. ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ ಬ್ಯಾಂಕಿನ ಎನ್‌ಒಸಿ, ಆ ನಮೂದು ತೆಗೆಸುವ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಸುಮ್ಮನಾಗಬೇಡಿ, ಹೆಸರು ವರ್ಗಾವಣೆ ಮುಗಿಸಿ.

ಗಾಡಿಗೆ ಪೂರ್ತಿ ಮೂರು ಲಕ್ಷ ಸುರಿಯಬೇಡಿ. ಮೂವತ್ತು ಸಾವಿರ ಪಕ್ಕಕ್ಕೆ ಇಡಿ. ಅದರಲ್ಲಿ ಮೊದಲು ಬರಬೇಕಾದ್ದು ಎರಡು ಒಳ್ಳೆಯ ಫುಲ್ ಫೇಸ್ ಹೆಲ್ಮೆಟ್. ಹೆಂಡತಿಗೆ ಬೇರೆ, ಅವರ ತಲೆಯ ಅಳತೆಗೆ. ನಿಮಗೆ ದುಬಾರಿಯದು, ಅವರಿಗೆ ಯಾವುದೋ ಒಂದು ಅಂತ ಮಾಡಬೇಡಿ. ಆಮೇಲೆ ಇಬ್ಬರಿಗೂ ಪ್ಯಾಂಟು ಸಮೇತ ರೈನ್‌ಕೋಟ್, ಗ್ಲೌಸ್, ಸ್ಯಾಡಲ್ ಬ್ಯಾಗ್, ಪಂಕ್ಚರ್ ಕಿಟ್, ಚಿಕ್ಕ ಪಂಪ್. ಕ್ರ್ಯಾಶ್ ಗಾರ್ಡ್ ಹಾಕಿಸಿ. ಲೈಟು, ಹಾರನ್ನು ಬದಲಿಸಲು ವೈರ್ ಕತ್ತರಿಸಬೇಡಿ, ವಾರಂಟಿ ಹೋಗುತ್ತದೆ.

ಮಳೆಗಾಲ ಮುಗಿದ ಮೇಲೆ ತಗೊಳ್ಳುವುದು ಒಳ್ಳೆಯದೇ. ಹೊಸ ಟೈರಿನ ಮೇಲ್ಪದರ ಮೊದಮೊದಲು ಜಾರುತ್ತದೆ, ಅದು ಸವೆಯಲು ಒಣ ರಸ್ತೆ ಬೇಕು. ಹೊಸ ತೂಕ, ಹೊಸ ಎತ್ತರ ನಿಮಗೂ ಅಭ್ಯಾಸ ಆಗಬೇಕು. ಅಕ್ಟೋಬರ್, ನವೆಂಬರ್ ಸರಿಯಾದ ಕಾಲ. ಡಿಸೆಂಬರಿನಲ್ಲಿ ರಿಯಾಯಿತಿ ಕೊಡುತ್ತಾರೆ, ಆದರೆ ಜನವರಿ ಬಂದ ಕೂಡಲೇ ಗಾಡಿ ಹಿಂದಿನ ವರ್ಷದ್ದು ಅಂತಾಗಿ ಮಾರುವಾಗ ಬೆಲೆ ಇಳಿಯುತ್ತದೆ. ಹತ್ತು ವರ್ಷ ಇಟ್ಟುಕೊಳ್ಳುವವರಾದರೆ ಆ ರಿಯಾಯಿತಿ ತಗೊಳ್ಳಿ. ಮೊದಲ ಸರ್ವಿಸ್‌ವರೆಗೆ ಆಲ್ದೂರು, ಬೇಲೂರು, ಹಾಸನ ಅಂತ ಹತ್ತಿರದಲ್ಲೇ ಓಡಿಸಿ. ಒಂದೇ ವೇಗದಲ್ಲಿ ತುಂಬಾ ಹೊತ್ತು ಹೋಗಬೇಡಿ, ಟಾಪ್ ಗೇರಿನಲ್ಲಿ ಏರು ಎಳೆಸಬೇಡಿ. ಸರ್ವಿಸ್ ಆದ ಮೇಲೆ ಹಂಪಿಗೆ ಹೊರಡಿ, ಅಷ್ಟೊತ್ತಿಗೆ ಅಲ್ಲಿ ಬಿಸಿಲೂ ತಗ್ಗಿರುತ್ತದೆ. ಹಿಂದಿನ ಟೈರಿಗೆ ಗಾಳಿ ತುಂಬಿಸುವಾಗ ಗಾಡಿಯ ಮೇಲಿನ ಸ್ಟಿಕರ್‌ನಲ್ಲಿ ಇಬ್ಬರಿಗೆ ಎಷ್ಟು ಅಂತ ಬರೆದಿದೆಯೋ ಅಷ್ಟೇ ಹಾಕಿಸಿ.